ಟವೆಲಿನ ಕೆಳಗೆ ಜಪಾನು

ಜಪಾನಿನವರ ಮೇಲೆ ನನಗೇನೂ ಹಗೆಯಿಲ್ಲ. ನನ್ನ ತವರು ಜಗಳೂರಿಗೆ ಅವರು ಯಾವ ಕೇಡನ್ನೂ ಮಾಡಿದವರಲ್ಲ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಅವರು ಒಂದು ಡಬ್ಬಿಯ ರೂಪದಲ್ಲಿ ಚನ್ನಗಿರಿಯ ನನ್ನ ಗಂಡನ ಮನೆಗೆ ಬಂದು ನಡುಮನೆಯಲ್ಲಿ ಕುಳಿತುಬಿಟ್ಟರಲ್ಲ, ಅದನ್ನು ಮಾತ್ರ ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ. ಮೊನ್ನೆ ಯಾರೋ ಕೇಳಿದರು: "ಆ ಕಾಲಕ್ಕೇ ನಿಮ್ಮ ಮನೆಯಲ್ಲಿ ವಿಡಿಯೋ ಗೇಮ್ ಇತ್ತಂತೆ. ಹೊಸದಾಗಿ ಆಡುವವರಿಗೆ ನಾಲ್ಕು ಮಾತು ಹೇಳಿ." ಹೇಳುತ್ತೇನೆ, ಅದಕ್ಕೇನು. ನಾನು ಒಂದು ದಿನವೂ ಅದನ್ನು ಮುಟ್ಟಿದವಳಲ್ಲ ನಿಜ. ಆದರೆ ಈಜು ಬಾರದವರೇ ದಡದಲ್ಲಿ ನಿಂತು ಸೊಗಸಾಗಿ ಈಜು ಹೇಳಿಕೊಡುವುದನ್ನು ನೀವೂ ಕಂಡಿದ್ದೀರಿ.

ಡಬ್ಬಿಯನ್ನು ತಂದವರು ನಮ್ಮ ಯಜಮಾನರು. ಅಡಿಕೆ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದ ಗಂಡಸರು ಬರುವಾಗ ಹೆಂಡತಿಗೊಂದು ಸೀರೆ ತರುವುದು ಲೋಕರೂಢಿ. ನಮ್ಮವರು ಲೋಕಕ್ಕಿಂತ ಒಂದು ಗೇಣು ಮುಂದೆ. ಅಲ್ಲಿಯ ಸೇಠು ಪ್ರೀತಿಯಿಂದ ಕೊಟ್ಟನೆಂದು ಇದನ್ನು ಹೊತ್ತು ತಂದರು.

"ಇದು ಜಪಾನಿಂದು ಕಣೆ. ಅಲ್ಲಿ ಜನ ಅಂಗಡಿಗೆ ಹೋಗಿ, ಆಳೆತ್ತರದ ಪೆಟ್ಟಿಗೆ ಮುಂದೆ ನಿಂತ್ಕಂಡು ಆಡೋ ಆಟ. ಈಗ ಮನೇಲೇ ಆಡಬೌದು," ಎಂದರು.

"ಮನೇಲಿ ಮಾಡಾಕೆ ಬೇರೆ ಕೆಲಸ ಇಲ್ವೇನ್ರಿ?" ಎಂದೆ. ಅವರು ನನ್ನನ್ನು ಜಗಳೂರಿನವಳನ್ನು ನೋಡುವ ಹಾಗೆ ನೋಡಿದರು. ಚನ್ನಗಿರಿಯವರಿಗೆ ಆ ನೋಟ ಹುಟ್ಟಿನಿಂದಲೇ ಬರುತ್ತದೆ.

ಹೊಸಬರು ಮೊದಲು ತಿಳಿಯಬೇಕಾದದ್ದು ಇಷ್ಟು: ಜಪಾನಿನ ಆಟಕ್ಕೆ ಟಿ.ವಿ. ಬೇಕು, ಟಿ.ವಿ.ಗೆ ಆಂಟೆನಾ ಬೇಡ. ಆಂಟೆನಾದ ವೈರು ಕಿತ್ತು ಅದೇ ತೂತಿಗೆ ಡಬ್ಬಿಯ ವೈರು ಸಿಕ್ಕಿಸಬೇಕು. ನಮ್ಮ ಮನೆಯಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಆ ಆಂಟೆನಾವನ್ನು ನಿಲ್ಲಿಸುವಾಗ ಮಾಳಿಗೆಯ ಮೇಲೆ ಒಬ್ಬರು ತಿರುಗಿಸುತ್ತಾ, ಅಂಗಳದಲ್ಲಿ ಒಬ್ಬರು ಕೂಗುತ್ತಾ, ಒಳಗೆ ಒಬ್ಬರು "ಬಂತು, ಬಂತು, ಅಯ್ಯೋ ಹೋತು" ಎನ್ನುತ್ತಾ ಇಡೀ ಓಣಿ ಬೆವರಿಳಿಸಿತ್ತು. ಅಷ್ಟು ಕಷ್ಟಪಟ್ಟು ಬರಿಸಿಕೊಂಡ ದೆಹಲಿಯನ್ನು ಒಂದು ಕ್ಷಣದಲ್ಲಿ ಕಿತ್ತು ಬಿಸಾಕಿ ಜಪಾನನ್ನು ಸಿಕ್ಕಿಸಿದರು. ಕದವಿದ್ದ ಮರದ ಪೆಟ್ಟಿಗೆಯೊಳಗೆ, ನಾನು ಕ್ರೋಷಾ ಹಾಕಿದ ಹೊದಿಕೆ ಹೊದ್ದು ಮರ್ಯಾದೆಯಿಂದ ಕುಳಿತಿದ್ದ ಟಿ.ವಿ. ಅಂದಿನಿಂದ ಮರ್ಯಾದೆ ಬಿಟ್ಟಿತು.

ಎರಡನೆಯದು ಕರೆಂಟು. ಜಪಾನಿನವರ ಕರೆಂಟು ನಮ್ಮದರ ಅರ್ಧದಷ್ಟೂ ಇಲ್ಲವಂತೆ. ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಡಬ್ಬಿ ಸುಟ್ಟು ಕರಕಲಾಗುತ್ತದೆಂದು ಸೇಠು ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕೊಟ್ಟಿದ್ದ. ಪಾಪ, ಅವನಿಗೆ ನಮ್ಮೂರು ಗೊತ್ತಿಲ್ಲ. ಸಂಜೆಯಾಗಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ನಮ್ಮ ಬಲ್ಬು ಹಣ್ಣಡಿಕೆಯ ಬಣ್ಣಕ್ಕೆ ತಿರುಗುತ್ತಿತ್ತು. ಆ ಹೊತ್ತಿಗೆ ಚನ್ನಗಿರಿಯ ಕರೆಂಟು ತಾನಾಗಿಯೇ ಜಪಾನಿನದಾಗಿಬಿಡುತ್ತಿತ್ತು.

ಇಷ್ಟೆಲ್ಲ ಸಂಭ್ರಮ ನೋಡುವಾಗ ನನಗೆ ಗುಡಿಯ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದ ಪುಣ್ಯಾತ್ಮರ ನೆನಪಾಗುತ್ತಿತ್ತು. ನಾಲ್ಕು ಗೆರೆ, ಒಂದು ಹಿಡಿ ಕಲ್ಲು, ಮುಗಿಯಿತು. ಹುಲಿ ಕುರಿಯನ್ನು ತಿನ್ನುವುದಕ್ಕೆ ವೋಲ್ಟೇಜಿಗಾಗಿ ಕಾಯುತ್ತಿರಲಿಲ್ಲ. ಅಳಗುಳಿ ಮಣೆ, ಚೌಕಾಬಾರ, ಇವನ್ನೆಲ್ಲ ಆಡುವುದಕ್ಕೆ ಎದುರಿಗೊಂದು ಜೀವ ಬೇಕು. ಸೋತರೆ ಆ ಜೀವದ ಮುಖ ನೋಡಿ ಬೈಯಬಹುದು. ಜಪಾನಿನ ಆಟದಲ್ಲಿ ಸೋತವನು ಬೈಯುವುದು ಯಾರನ್ನು? ಗಾಜನ್ನು. ಇದನ್ನು ನಾಗರಿಕತೆ ಎನ್ನುತ್ತಾರೆ.

ಮಾವನವರು, ಅಂದರೆ ನಾಗಪ್ಪನವರು, ಹಳೆಯ ಅಡಿಕೆ ವ್ಯಾಪಾರಸ್ಥರು. ಮೊದಲಿಗೆ ಡಬ್ಬಿಯನ್ನು ಕಣ್ಣೆತ್ತಿ ನೋಡಲಿಲ್ಲ. ಆದರೆ ಹೊಸ ಯಂತ್ರ ಮನೆಗೆ ಬಂದ ಮೇಲೆ ಪೂಜೆಯಿಲ್ಲದೆ ಶುರುಮಾಡುವುದುಂಟೆ? ಅದೊಂದನ್ನು ಮಾತ್ರ ತಾವೇ ಮಾಡಿದರು. ಹಿಟ್ಟಿನ ಗಿರಣಿಗೆ ಹಚ್ಚುವ ಹಾಗೆ ಧಾರಾಳವಾಗಿ ಮೂರು ಬೆರಳು ವಿಭೂತಿ ಎಳೆದರು. ವಿಭೂತಿ ಉದುರಿ ಡಬ್ಬಿಯ ಬಾಯೊಳಗೆ, ಕ್ಯಾಸೆಟ್ ಸಿಕ್ಕಿಸುವ ಜಾಗಕ್ಕೆ ಹೋಯಿತು. ಟಿ.ವಿ.ಯ ತುಂಬ ಚುಕ್ಕೆ. ಯಜಮಾನರು ಊದಿದರು, ಪಕ್ಕದ ಮನೆಯವರು ಊದಿದರು, ನೋಡಲು ಬಂದಿದ್ದ ಹೊನ್ನಾಳಿಯ ಬೀಗರು ಮೀಸೆ ಒರೆಸಿಕೊಂಡು ಊದಿದರು. ಕೊನೆಗೆ ಅತ್ತೆ ಗಂಗಮ್ಮ ಅಡಿಗೆಮನೆಯಿಂದ ಕಬ್ಬಿಣದ ಊದುಗೊಳವೆ ತಂದು, ಒಲೆ ಊದುವ ಹಾಗೆ ಒಂದೇ ಒಂದು ಸಲ ಊದಿದರು. ಚಿತ್ರ ಬಂತು. ಜಪಾನಿನಿಂದ ಹೊರಟ ವಿದ್ಯೆ ನಮ್ಮ ಅಡಿಗೆಮನೆಯ ಕೊಳವೆಯಲ್ಲಿ ಪೂರ್ಣವಾಯಿತು.

ಈ ಊದುಗೊಳವೆಗೆ ನಮ್ಮ ಮನೆಯಲ್ಲಿ ಇನ್ನೊಂದು ಕೆಲಸವಿತ್ತು. ಅದನ್ನು ಹೇಳಬೇಕಾದರೆ ಒಂದು ಬಾಗಿಲಿನ ಕತೆ ಹೇಳಬೇಕು.

ಮಾವನವರಿಗೆ ಒಬ್ಬ ತಮ್ಮ, ಹಾಲಪ್ಪನವರು; ನನಗೆ ಚಿಕ್ಕಮಾವ. ಅಣ್ಣತಮ್ಮಂದಿರು ಸವಳಂಗದ ಅಕ್ಕತಂಗಿಯರನ್ನು ಮದುವೆಯಾಗಿದ್ದರು. ಅಕ್ಕ ಗಂಗಮ್ಮ ಅಣ್ಣನಿಗೆ, ತಂಗಿ ಗೌರಮ್ಮ ತಮ್ಮನಿಗೆ. ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲೇ ಭಾಗವಾಗಿ ಒಂದು ಮನೆ ಎರಡಾಗಿತ್ತು. ಗೋಡೆ, ಗದ್ದೆ, ತೋಟ ಎಲ್ಲ ಸುಸೂತ್ರವಾಗಿ ಹಂಚಿಕೆಯಾಗಿ, ಉಳಿದದ್ದು ಅಡಿಕೆ ಬೇಯಿಸುವ ತಾಮ್ರದ ಹಂಡೆಯೊಂದು. ನಮ್ಮ ಕಡೆ ಹಳೆಯ ವ್ಯಾಪಾರಸ್ಥರು ಬಾಯಲ್ಲಿ ದರ ಹೇಳುವುದಿಲ್ಲ. ದನದ ಸಂತೆಯಾಗಲಿ, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿಯಾಗಲಿ, ಇಬ್ಬರೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಮುಚ್ಚುತ್ತಾರೆ. ಯಾವ ಬೆರಳನ್ನು ಹೇಗೆ ಹಿಡಿದರೆ ಎಷ್ಟು ರೂಪಾಯಿ ಎಂಬುದು ಅವರಿಬ್ಬರಿಗೆ ಗೊತ್ತು. ಸುತ್ತ ನಿಂತವರಿಗೆ ಟವೆಲ್ ಕುಣಿಯುವುದಷ್ಟೇ ಕಾಣುತ್ತದೆ. ಹಂಡೆ ಇಟ್ಟುಕೊಂಡವರು ಇನ್ನೊಬ್ಬರಿಗೆ ಎಷ್ಟು ಕೊಡಬೇಕೆಂಬ ಮಾತನ್ನೂ ಈ ಮಹಾನುಭಾವರು ಹಾಗೆಯೇ ಮುಗಿಸಿದರು. ಒಡಹುಟ್ಟಿದವರು ಮುಖ ನೋಡಿಕೊಂಡು "ಹಂಡೆ ನಿನಗಿರಲಿ" ಅಂದಿದ್ದರೆ ಬಾಯಿ ಸವೆದುಹೋಗುತ್ತಿತ್ತೇನೋ! ಸಂಜೆಗೆ ಅಣ್ಣ "ಅವನು ಹಿಡಿದದ್ದು ಎರಡು ಬೆರಳು" ಎಂದರು. ತಮ್ಮ "ಮೂರು" ಎಂದರು. ಟವೆಲಿನ ಕೆಳಗಿನ ವ್ಯವಹಾರಕ್ಕೆ ಟವೆಲೇ ಸಾಕ್ಷಿ, ಅದು ಬಾಯಿ ಬಿಡುವುದಿಲ್ಲ.

ಅಂದೇ ಎರಡು ಅಡಿಗೆಮನೆಗಳ ನಡುವಿನ ಬಾಗಿಲಿಗೆ ಅಣ್ಣ ಈ ಕಡೆಯಿಂದ ಹಲಗೆ ಹೊಡೆದರು, ತಮ್ಮ ಆ ಕಡೆಯಿಂದ. ಮಾತು ನಿಂತಿತು. ಗಂಡಂದಿರ ಮಾತು ನಿಂತ ಮೇಲೆ ಹೆಂಡಿರದೂ ನಿಲ್ಲಬೇಕಲ್ಲ! ಅಕ್ಕತಂಗಿಯರು ಬೀದಿಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ತಲೆತಗ್ಗಿಸಿ ಹೋಗಬೇಕು. ಮದುವೆಮನೆಯಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಮುಂದಿನ ಪಂಕ್ತಿಗೆ.

ನಾನು ಬಂದ ಹೊಸತರಲ್ಲಿ ಒಂದು ದಿನ ಅಡಿಗೆಮನೆಗೆ ಹೋದಾಗ ಅತ್ತೆ ಆ ಬಾಗಿಲ ಬುಡದಲ್ಲಿ ಕುಳಿತು ಊದುಗೊಳವೆಯನ್ನು ಕಿವಿಗೆ ಹಿಡಿದಿದ್ದರು. ಕೊಳವೆಯ ಇನ್ನೊಂದು ತುದಿ, ಚಿಲಕ ಕಿತ್ತಾಗ ಉಳಿದ ತೂತಿನಲ್ಲಿತ್ತು. ಆ ಕಡೆಯಿಂದ ತಂಗಿ ಮಾತಾಡುತ್ತಿದ್ದರು. ಒಂದಿಷ್ಟು ಹೊತ್ತು ಅತ್ತೆಯ ಕಿವಿ, ಆಮೇಲೆ ಅತ್ತೆಯ ಬಾಯಿ. ನನ್ನನ್ನು ಕಂಡು ಬೆಚ್ಚಿಬಿದ್ದರು. ನಾನು ಬಾಯಿ ಬಿಡುವವಳಲ್ಲ ಎಂದು ಗೊತ್ತಾದ ಮೇಲೆ ಮೆಲ್ಲಗೆ ಹೇಳಿದರು: "ಈ ಬಾಗಿಲೊಂದು ತೆಗೆದ್ರೆ ಸಾಕವ್ವಾ. ನಂಗೆ ಬಂಗಾರ ಬ್ಯಾಡ, ಸೀರೆ ಬ್ಯಾಡ. ಸಾಯೋದ್ರಾಗೆ ನನ್ನ ತಂಗಿ ಜೊತೆ ಎದ್ರಾಬದ್ರಾ ಕುಂತು ಒಂದು ಲೋಟ ಕಾಪಿ ಕುಡೀಬೇಕು." ಅವತ್ತು ನನಗೆ ಆ ಇಬ್ಬರು ಗಂಡಸರ ಮೇಲೆ ಬಂದ ಸಿಟ್ಟು ಇಂದಿಗೂ ಆರಿಲ್ಲ.

ಮತ್ತೆ ಆಟಕ್ಕೆ ಬರೋಣ. ಯಜಮಾನರು ಪುನಃ ಬೊಂಬಾಯಿಗೆ ಹೋದರು. ಮಧ್ಯಾಹ್ನದ ಹೊತ್ತು ಯಾರೂ ಇಲ್ಲವೆಂದು ತಿಳಿದು ಮಾವನವರು ಡಬ್ಬಿಯ ಮುಂದೆ ಕುಳಿತರು. ಕುಳಿತವರು ಏಳಲಿಲ್ಲ. ಅವರಿಗೆ ಹಿಡಿಸಿದ್ದು ಟ್ಯಾಂಕಿನ ಆಟ. ಇಟ್ಟಿಗೆ ಗೋಡೆಗಳ ನಡುವೆ ನಮ್ಮ ಟ್ಯಾಂಕು ಓಡಾಡುತ್ತಾ, ಮೇಲಿನಿಂದ ಬರುವ ವೈರಿಗಳನ್ನು ಹೊಡೆಯುತ್ತಾ, ಕೆಳಗಿನ ಸಣ್ಣ ಕೋಟೆಯೊಂದನ್ನು ಕಾಯಬೇಕು. ಒಬ್ಬರೂ ಆಡಬಹುದು, ಇಬ್ಬರು ಒಂದೇ ಪಕ್ಷವಾಗಿ ಎರಡು ಟ್ಯಾಂಕು ಓಡಿಸುತ್ತಲೂ ಆಡಬಹುದು. ಟ್ಯಾಂಕು ಓಡಿಸುವ ಗುಂಡಿಗಳಿದ್ದ ಹ್ಯಾಂಡ್ಲನ್ನು ಮಾವನವರು ಹಿಡಿದ ರೀತಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲನ್ನು ಎರಡು ಕೈಗಳ ಮೇಲೂ ಹೊದಿಸಿ, ಅದರ ಕೆಳಗೆ ಗುಂಡಿ ಒತ್ತುತ್ತಿದ್ದರು.

"ಟವೆಲ್ ಯಾಕೆ ಮಾವ?"

"ಬೆರಳು ಕಂಡ್ರೆ ಎದುರಿನೋನು ತಿಳ್ಕಂಬಿಡ್ತಾನೆ."

"ಎದ್ರಿಗೆ ಯಾರಿದಾರ್ರಿ? ಟಿ.ವಿ. ಐತೆ."

"ಟಿ.ವಿ. ಒಳಗೆ ಜಪಾನಿನೋನು ಕುಂತಿಲ್ವಾ?" ಎಂದು ಗಂಭೀರವಾಗಿ ಕೇಳಿದರು. ಊರಿನ ವ್ಯಾಪಾರಸ್ಥರನ್ನೆಲ್ಲ ಒಂದು ಕೈ ನೋಡಿಕೊಂಡವರ ಬುದ್ಧಿ ಇದು!

ಆ ಟವೆಲನ್ನು ನೋಡಲಿಕ್ಕೆಂದೇ ಜನ ಬರತೊಡಗಿದರು. ತ್ಯಾವಣಿಗೆಯಿಂದ ನೆಂಟರು, ನ್ಯಾಮತಿಯಿಂದ ನೆಂಟರ ನೆಂಟರು. ಆಡುವವರು ಒಬ್ಬರು, ಆಡಿಸುವವರು ಹತ್ತು ಮಂದಿ. "ಎಡಕ್ಕೆ ಹೊಡೀರಿ, ಗೋಡೆ ಒಡೀರಿ, ಹಿಂದಕ್ಕೆ ಬರ್ರಿ" ಎಂದು ಹೇಳಿಕೊಡುವ ಒಬ್ಬನೂ ಹ್ಯಾಂಡ್ಲು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಕಾಫಿ ಮಾತ್ರ ಮುಟ್ಟುತ್ತಿದ್ದರು. ಅದನ್ನು ಮಾಡುವವಳು ನಾನಲ್ಲವೇ! ಅಷ್ಟು ಜನರ ಬುದ್ಧಿ ಸೇರಿದರೂ ಮಾವನವರ ಕೋಟೆ ದಿನಾ ಒಂದೇ ಜಾಗದಲ್ಲಿ ಬೀಳುತ್ತಿತ್ತು. ಜೊತೆಗೊಬ್ಬರು ಆಡುವವರು ಬೇಕಿತ್ತು. ನೆಂಟರಿಗೆ ಧೈರ್ಯವಿಲ್ಲ, ಅತ್ತೆ ಒಂದು ಸಲ ಕೂತು ತಮ್ಮ ಕೋಟೆಗೇ ಗುಂಡು ಹಾರಿಸಿದರು. ಅದು ಕೈತಪ್ಪಿ ಆದದ್ದೆಂದು ನಾನು ನಂಬುವುದಿಲ್ಲ.

ಇತ್ತ ಚಿಕ್ಕಮಾವ ಗೋಡೆಯ ಆ ಕಡೆ ಕುಳಿತು ದಿನವಿಡೀ ಟುಂಯ್ ಟುಂಯ್ ಸದ್ದು ಕೇಳುತ್ತಿದ್ದರು. ಅದೇನೆಂದು ಹೆಂಡತಿಯನ್ನು ಕೇಳುವುದಕ್ಕೆ ಬಿಗುಮಾನ, ಕೇಳದೆ ಗೋಡೆಗೆ ಕಿವಿ ಹಚ್ಚುತ್ತಿದ್ದರು. ಊದುಗೊಳವೆಯಲ್ಲಿ ಸುದ್ದಿ ಬಂತು. ಅತ್ತೆ ಒಂದು ಕ್ಷಣ ಯೋಚಿಸಿ, ಕೊಳವೆಗೆ ಬಾಯಿಟ್ಟು ಹೇಳಿದರು: "ಲೇ ಗೌರಿ, ನಿನ್ನ ಗಂಡಗೆ ಹೇಳು. ನಿಮ್ಮಣ್ಣನ್ನ ಜಪಾನಿನೋನು ದಿನಾ ಸೋಲಿಸ್ತಾನಂತೆ, ಊರ ಮಂದಿಯೆಲ್ಲ ಕುಂತು ನೋಡ್ತಾರಂತೆ ಅನ್ನು."

ಅಣ್ಣ ಗೆಲ್ಲುತ್ತಿದ್ದಾನೆಂದರೆ ಚಿಕ್ಕಮಾವ ಜನ್ಮದಲ್ಲಿ ಬರುತ್ತಿರಲಿಲ್ಲ. ಸೋಲುತ್ತಿದ್ದಾನೆಂದರೆ ಬಾರದಿರುವುದು ಹೇಗೆ? ಮರುದಿನ ಮಧ್ಯಾಹ್ನವೇ, ಅಡಿಗೆಮನೆಯ ಬಾಗಿಲಿಂದ ನಾಲ್ಕು ಹೆಜ್ಜೆಯಾಗುತ್ತಿದ್ದ ದಾರಿಗೆ ಇಡೀ ಓಣಿ ಸುತ್ತಿ, ಇಸ್ತ್ರಿ ಮಾಡಿದ ಪಂಚೆಯುಟ್ಟು ನಮ್ಮ ಹೊಸ್ತಿಲಲ್ಲಿ ನಿಂತರು. ಅಣ್ಣನತ್ತ ನೋಡದೆ ನನ್ನನ್ನು ನೋಡಿ ಹೇಳಿದರು: "ಏನವ್ವಾ, ನಿಮ್ಮನೇಲಿ ಟಿ.ವಿ. ನೋಡಾಕೆ ಬರಬೌದಾ?"

ಟಿ.ವಿ. ನೋಡಲು ಬಂದವರನ್ನು ಬೇಡ ಎನ್ನುವಷ್ಟು ಕೆಟ್ಟ ಮನೆ ಆಗ ಯಾವ ಊರಿನಲ್ಲೂ ಇರಲಿಲ್ಲ. ಮಾವನವರು ಗಾಜಿನಿಂದ ಕಣ್ಣು ತೆಗೆಯದೆ, "ಕುಂದ್ರಾಕೆ ಹೇಳವ್ವಾ," ಎಂದರು. ಕುಳಿತರು. ಎದುರಿಗೇ ಕೋಟೆ ಬಿತ್ತು. ಚಿಕ್ಕಮಾವನ ಮುಖದಲ್ಲಿ ಹಬ್ಬ. ಎರಡನೆಯ ಸಲ ಬಿದ್ದಾಗ ಹಬ್ಬ ಮುಗಿದು ಕೈ ತುರಿಸತೊಡಗಿತು.

"ಬಲಗಡೆ ಯಾರೂ ಕಾಯ್ತಿಲ್ಲ, ಅದಕ್ಕೇ ಬೀಳ್ತೈತೆ ಅಂತ ಹೇಳವ್ವಾ."

"ಕಾಯೋರು ಇದ್ರೆ ಬಂದು ಕಾಯಲಿ ಅಂತ ಹೇಳವ್ವಾ."

ಎದುರುಬದುರು ಕುಳಿತ ಇಬ್ಬರ ನಡುವೆ ನಾನು ಟೆಲಿಫೋನ್ ಎಕ್ಸ್‌ಚೇಂಜು. ಎರಡನೆಯ ಹ್ಯಾಂಡ್ಲನ್ನು ಚಿಕ್ಕಮಾವನ ಕೈಗೆ ಕೊಟ್ಟವಳು ನಾನೇ. ಅವರು ಅದನ್ನು ಜಮಖಾನೆಯ ಆ ತುದಿಗೆ ಎಳೆದುಕೊಳ್ಳಲು ನೋಡಿದರು. ಆಗಲಿಲ್ಲ. ಜಪಾನಿನವರ ಮನೆಗಳು ಚಿಕ್ಕವಂತೆ, ಅದಕ್ಕೆ ತಕ್ಕ ಹಾಗೆ ವೈರನ್ನೂ ಗಿಡ್ಡ ಮಾಡಿದ್ದಾರೆ. ಎರಡು ಹ್ಯಾಂಡ್ಲಿನವರೂ ಡಬ್ಬಿಗೆ ಅಂಟಿಕೊಂಡೇ ಕೂರಬೇಕು. ಒಂದೇ ಓಣಿಯಲ್ಲಿ ಎದುರಾದರೆ ದಾರಿ ಬದಲಿಸುತ್ತಿದ್ದವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ಚಿಕ್ಕಮಾವ ಕುಳಿತ ಕೂಡಲೇ ಹೆಗಲಿಂದ ಟವೆಲ್ ತೆಗೆದು ಕೈಮೇಲೆ ಹೊದಿಸಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಪೆದ್ದುತನ!

ಬಣ್ಣದ ಟಿ.ವಿ.ಯಲ್ಲಿ ಎರಡು ಟ್ಯಾಂಕಿಗೆ ಎರಡು ಬಣ್ಣವಂತೆ. ನಮ್ಮದು ಕಪ್ಪುಬಿಳುಪು, ಎರಡೂ ಬೂದಿ. ತನ್ನದು ಯಾವುದೆಂದು ಇಬ್ಬರಿಗೂ ತಿಳಿಯದು. ಅಣ್ಣನ ಟ್ಯಾಂಕು ಸಿಕ್ಕಿಬಿದ್ದರೆ ತಮ್ಮ ಹೌಹಾರುತ್ತಿದ್ದರು. ತಮ್ಮನದನ್ನು ತನ್ನದೆಂದುಕೊಂಡು ಅಣ್ಣ ಕಾಪಾಡುತ್ತಿದ್ದರು. ಹೀಗೆ ಗೊತ್ತಿಲ್ಲದೆ ಒಬ್ಬರನ್ನೊಬ್ಬರು ಕಾಯುತ್ತಾ ಕಾಯುತ್ತಾ, ದಿನಾ ಬೀಳುತ್ತಿದ್ದ ಜಾಗವನ್ನು ದಾಟಿಬಿಟ್ಟರು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಊದುಗೊಳವೆ ಹಿಡಿದುಕೊಂಡು ನಿಂತಿದ್ದರು. ಅವರ ಕಣ್ಣು ಟಿ.ವಿ.ಯ ಮೇಲಿರಲಿಲ್ಲ.

ಅಷ್ಟರಲ್ಲಿ ಕೋಟೆಯ ಪಕ್ಕಕ್ಕೇ ಒಬ್ಬ ವೈರಿ ನುಗ್ಗಿದ. ಮಾವನವರು ಚೀರಿದರು: "ಲೇ ಹಾಲಾ, ನಿನ್ನ ಮಗ್ಗುಲಿಗೇ ಬಂದ ನೋಡೋ!"

"ಕಂಡೆ ಬಿಡಣ್ಣಾ!"

ಕರೆಂಟು ಹೋಯಿತು.

ಗಾಜಿನ ಮೇಲಿನ ಯುದ್ಧವೆಲ್ಲ ಒಂದು ಬಿಳಿಯ ಚುಕ್ಕೆಯಾಗಿ ಆರಿತು. ಆಡಿದ ಮಾತು ನಡುವೆ ಕುಳಿತಿತ್ತು, ಅದನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯದು. ನೋಡಲು ಬಂದಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನೂ ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

ಮಾವನವರು ತಮ್ಮ ಟವೆಲಿನ ಒಂದು ತುದಿಯನ್ನು ಎತ್ತಿ ತಮ್ಮನ ಕೈಮೇಲೆ ಹಾಕಿದರು. ತಮ್ಮ ಹ್ಯಾಂಡ್ಲು ಬಿಟ್ಟು ಕೈ ಕೊಟ್ಟರು. ಟವೆಲ್ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಚಿಕ್ಕಮಾವ ಒಂದು ಸಲ ಬೇಡವೆಂದು ತಲೆಯಾಡಿಸಿದರು. ಮಾವನವರು ಇನ್ನೇನೋ ಹಿಡಿದರು. ಕಾಫಿ ಆರುವಷ್ಟು ಹೊತ್ತು ಹಾಗೇ ನಡೆಯಿತು. ಕೊನೆಗೆ ಚಿಕ್ಕಮಾವ ಟವೆಲಿನ ತುದಿಯಿಂದಲೇ ಕಣ್ಣೊರೆಸಿಕೊಂಡು ಎದ್ದರು. ಬೀದಿ ಬಾಗಿಲಿನ ಕಡೆಗೆ ಹೋಗಲಿಲ್ಲ. ಅಡಿಗೆಮನೆಗೆ ನಡೆದು, "ಅತ್ತಿಗೆ, ಮೊಳೆ ಕೀಳಾಕೆ ಏನಾರ ಐತಾ?" ಎಂದು ಕೇಳಿದರು.

ಅತ್ತೆ ಕೈಯಲ್ಲಿದ್ದ ಊದುಗೊಳವೆಯನ್ನೇ ಕೊಟ್ಟರು. ಕೊಟ್ಟು, ಅಷ್ಟು ವರ್ಷಗಳಿಂದ ಕಾದಿಟ್ಟುಕೊಂಡಿದ್ದ ಮಾತನ್ನೂ ಕೊಟ್ಟರು: "ಹಲಗೆ ಹೊಡೆಯೋವಾಗ ಯಾವ ಜಪಾನಿನೋನನ್ನ ಕೇಳಿದ್ರಿ ಇಬ್ರೂ?"

ಇಬ್ಬರೂ ಸೇರಿ ಮೊಳೆ ಮೀಟಿದರು. ಹಲಗೆ ಈ ಕಡೆ ಬಿತ್ತು. ಚಿಕ್ಕಮಾವ ಓಣಿ ಸುತ್ತಿಕೊಂಡು ಓಡಿ ಹೋಗಿ ಆ ಕಡೆಯದನ್ನೂ ಕಿತ್ತರು. ಬಾಗಿಲು ಕಿರುಗುಟ್ಟುತ್ತಾ ತೆರೆಯಿತು. ಆ ಕಡೆ ಚಿಕ್ಕತ್ತೆ ಗೌರಮ್ಮ ನಿಂತಿದ್ದರು. ಕೊಳವೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ಅಕ್ಕತಂಗಿಯರು ಈಗ ಎದುರುಬದುರಾದರು. ಸೆರಗು ಮುಖಕ್ಕೆಳೆಯದೆ, ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೇ ಇದ್ದರು.

ಕೊನೆಗೆ ಚಿಕ್ಕತ್ತೆ ಕೈಚಾಚಿ ಅಕ್ಕನ ಗಲ್ಲ ಮುಟ್ಟಿದರು. "ಅಕ್ಕಾ, ನಿನ್ನ ಹಲ್ಲು ಯಾವಾಗ ಹೋದ್ವೆ? ಕೊಳವೆಯಾಗೆ ಗೊತ್ತೇ ಆಗಲಿಲ್ಲ," ಎಂದರು.

ನಾನು ನಕ್ಕೆ. ನಕ್ಕವಳು ಕಾಫಿಗೆ ನೀರಿಡುವ ನೆಪದಲ್ಲಿ ಒಲೆಯ ಕಡೆಗೆ ತಿರುಗಿ ನಿಲ್ಲಬೇಕಾಯಿತು.

ಟವೆಲಿನ ಕೆಳಗೆ ಅಂದು ಏನು ತೀರ್ಮಾನವಾಯಿತೆಂದು ಆ ಇಬ್ಬರು ಸಾಯುವವರೆಗೂ ಬಾಯಿ ಬಿಡಲಿಲ್ಲ. ಹಂಡೆ ಮಾತ್ರ ಹಿತ್ತಲ ನಡುಮಧ್ಯಕ್ಕೆ ಬಂದು ಕುಳಿತು ಎರಡು ಮನೆಯ ಅಡಿಕೆಯನ್ನೂ ಬೇಯಿಸತೊಡಗಿತು. ಜಪಾನಿನ ಡಬ್ಬಿ ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಿಂತು, ನಮ್ಮ ಕರೆಂಟಿಗೆ ಇದ್ದಕ್ಕಿದ್ದಂತೆ ತನ್ನ ದೇಶದ ನೆನಪಾಗಿ ಉಕ್ಕಿ ಬಂದು, ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್ ಸಮೇತ ಅದನ್ನು ಸುಟ್ಟಿತು. ಅಣ್ಣತಮ್ಮಂದಿರು ಜೊತೆಯಲ್ಲೇ ಕುಳಿತು ದುಃಖಿಸಿದರು. ಆಂಟೆನಾ ಮತ್ತೆ ತನ್ನ ತೂತಿಗೆ ಮರಳಿತು. ಊರಿನಲ್ಲಿ ಎಲ್ಲರೂ ಆ ಡಬ್ಬಿಯನ್ನು ಹೊಗಳಿದ್ದೇ ಹೊಗಳಿದ್ದು, ಮನೆ ಒಂದು ಮಾಡಿತು ಎಂದು. ನನ್ನ ಮುಂದೆ ಹಾಗೆ ಹೇಳಿದವರಿಗೆ ನಾನು ಕಾಫಿ ಕೊಡುತ್ತಿರಲಿಲ್ಲ. ಆ ಮನೆಯನ್ನು ಅಷ್ಟು ವರ್ಷ ಒಂದು ಮಾಡಿ ಇಟ್ಟಿದ್ದದ್ದು ಒಂದು ಮೊಳದ ಕಬ್ಬಿಣದ ಕೊಳವೆ.

ಆದ್ದರಿಂದ ಹೊಸಬರೇ, ಮನೆಯಲ್ಲಿ ಜಪಾನಿನ ಆಟ ಆಡಲೇಬೇಕೆಂದಿದ್ದರೆ ವೈರು ಗಿಡ್ಡವಿರುವುದನ್ನೇ ನೋಡಿ ತನ್ನಿ. ಮಿಕ್ಕದ್ದು ಹೇಗಿದ್ದರೂ ನಡೆಯುತ್ತದೆ. ಈಗ ವೈರೇ ಇಲ್ಲದವು ಬಂದಿವೆಯಂತೆ. ಒಬ್ಬರು ಆ ಕೋಣೆಯಲ್ಲಿ, ಇನ್ನೊಬ್ಬರು ಈ ಕೋಣೆಯಲ್ಲಿ ಕದ ಹಾಕಿಕೊಂಡು ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಜೊತೆಯಾಗಿ ಆಡಬಹುದಂತೆ. ಭಾರೀ ಸುಧಾರಣೆ ಎನ್ನುತ್ತಾರೆ. ಅದನ್ನು ನಮ್ಮ ಅತ್ತೆ ಆಗಲೇ ಊದುಗೊಳವೆಯಲ್ಲಿ ಮಾಡಿ ನೋಡಿ, ಸಾಕಾಗಿ, ಬಿಟ್ಟಿದ್ದರು.